ಕರೆದರೆ ‘ಓ’ ಎನ್ನುವವರು

ಹಲವು ವರ್ಷಗಳ ಹಿಂದಿನ ಮಾತು. ಮನೆಯ ಮಗುವಿನ ಹುಟ್ಟುಹಬ್ಬವೆಂದು ಒಂದು ಮಕ್ಕಳ ಆಶ್ರಮಕ್ಕೆ ಮಧ್ಯಾಹ್ನದ ಊಟ ಕೊಟ್ಟಿದ್ದೆವು. ಮಂಗಳೂರಿನವರಿಗೆ ಇದು ಹೊಸದಲ್ಲ. ಹುಟ್ಟುಹಬ್ಬ, ಅಜ್ಜನ ವರ್ಷಾಂತ, ಮದುವೆಯ ಇಪ್ಪತ್ತೈದನೇ ವರ್ಷ, ಏನೇ ಇರಲಿ, ಒಂದು ಹೊತ್ತಿನ ಊಟ ಯಾವುದಾದರೂ ಆಶ್ರಮಕ್ಕೆ ಹೋಗುವುದು ಇಲ್ಲಿನ ಒಳ್ಳೆಯ ರೂಢಿ. ನಾವು ಬಾಗಿಲು ದಾಟುತ್ತಿದ್ದಂತೆ ಮೂರು ವರ್ಷದ ಒಂದು ಹೆಣ್ಣುಮಗು ಓಡಿಬಂದು ನನ್ನ ಕಾಲು ತಬ್ಬಿಕೊಂಡಿತು. ಎತ್ತಿಕೊಂಡೆ. ಜನ್ಮದ ಪರಿಚಯವಿದ್ದಂತೆ ಕೊರಳು ಬಳಸಿ ಹೆಗಲಿಗೆ ಕೆನ್ನೆಯೂರಿತು. ಹೊರಡುವ ಹೊತ್ತಿಗೆ ಕೆಳಗಿಳಿಸಿದರೆ ಅಳಲಿಲ್ಲ. ನನ್ನ ಹಿಂದೆ ನಿಂತಿದ್ದವರ ಕಾಲನ್ನು ಅದೇ ರೀತಿ ತಬ್ಬಿಕೊಂಡಿತು. ‘ಎಷ್ಟು ಪ್ರೀತಿಯ ಮಗು’ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆವು.

ನಾನು ಕಂಡದ್ದು ಏನಿರಬಹುದೆಂದು ತಿಳಿದದ್ದು ಬಹಳ ಕಾಲದ ಮೇಲೆ, ಮಕ್ಕಳ ಮೆದುಳಿನ ಬೆಳವಣಿಗೆಯ ಬಗ್ಗೆ ಓದತೊಡಗಿದಾಗ. ಮೂರು ವರ್ಷದ ಮಗು ಹೊಸಬರನ್ನು ಕಂಡರೆ ಸಾಮಾನ್ಯವಾಗಿ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ. ಅಲ್ಲಿಂದ ಒಂದು ಕಣ್ಣಲ್ಲಿ ಇಣುಕುತ್ತದೆ. ಅಮ್ಮನ ಮುಖ ನೋಡುತ್ತದೆ. ಅವಳು ನಕ್ಕರೆ ಒಂದು ಹೆಜ್ಜೆ ಮುಂದಿಡುತ್ತದೆ. ಅಡಗಲು ಒಂದು ಸೆರಗೇ ಸಿಗದೆ ಬೆಳೆದ ಮಗು ಎದುರಿಗೆ ಬಂದ ಕಾಲನ್ನೆಲ್ಲ ತಬ್ಬುತ್ತದೆ. ಸಂಸ್ಥೆಗಳಲ್ಲಿ ಬೆಳೆದ ಕೆಲವು ಮಕ್ಕಳಲ್ಲಿ ಕಾಣುವ ಈ ನಡವಳಿಕೆಯನ್ನು ವೈದ್ಯಶಾಸ್ತ್ರ ಗಾಯದ ಗುರುತೆಂದು ಓದುತ್ತದೆ. ನಾವು ಅದರ ಫೋಟೊ ತೆಗೆದುಕೊಂಡು ಬಂದಿದ್ದೆವು.

ಆ ಗಾಯ ಮಾಯುತ್ತದೆಯೇ? ಮಾಯುತ್ತದೆ, ಬಹಳ ಮಟ್ಟಿಗೆ ಮಾಯುತ್ತದೆ. ಯಾವ ಮದ್ದಿನಿಂದ ಎಂಬುದು ನಮ್ಮ ಅಜ್ಜಿಯಂದಿರಿಗೆ ಅರ್ಧ ಗೊತ್ತಿತ್ತು. ಉಳಿದ ಅರ್ಧವನ್ನು ಕಳೆದ ನಾಲ್ಕೈದು ದಶಕಗಳ ವಿಜ್ಞಾನ ಸೇರಿಸಿದೆ.

ಅಂಗಳದಿಂದ ಒಂದು ಕೂಗು

ಕನ್ನಡದಲ್ಲಿ ‘ಓಗೊಡು’ ಎಂಬ ಮಾತಿದೆ. ಕರೆದವರಿಗೆ ‘ಓ’ ಎಂದು ಉತ್ತರ ಕೊಡುವುದು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಂಗಳದಲ್ಲಿ ಆಡುವ ಮಗು ಇದ್ದಕ್ಕಿದ್ದಂತೆ ‘ಅಜ್ಜೀ’ ಎಂದು ಕೂಗುತ್ತಿತ್ತು. ಹಟ್ಟಿಯಿಂದಲೋ ಬಚ್ಚಲಿನಿಂದಲೋ ‘ಓ...’ ಎಂಬ ಉದ್ದನೆಯ ದನಿ ಬರುತ್ತಿತ್ತು. ಮಗುವಿಗೆ ಅಜ್ಜಿಯಿಂದ ಆಗಬೇಕಾದ ಕೆಲಸ ಏನೂ ಇರುತ್ತಿರಲಿಲ್ಲ. ಅಜ್ಜಿ ಅಲ್ಲಿದ್ದಾಳೆ ಎಂದು ತಿಳಿದರೆ ಸಾಕು, ಆಟ ಮುಂದುವರಿಯುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಬ್ಯಾಂಕ್ 2018ರಲ್ಲಿ ಪುಟ್ಟ ಮಕ್ಕಳ ಪೋಷಣೆಗೆ ಒಂದು ಚೌಕಟ್ಟನ್ನು ಹೊರತಂದವು. ಆರೋಗ್ಯ, ಆಹಾರ, ಸುರಕ್ಷತೆ ಮತ್ತು ಕಲಿಕೆಯ ಅವಕಾಶಗಳ ಜೊತೆಗೆ ಐದನೆಯದಾಗಿ ಅದರಲ್ಲಿರುವುದು ಮಗುವಿನ ಸನ್ನೆಯನ್ನು ಗುರುತಿಸಿ ಅದಕ್ಕೆ ತಕ್ಕಂತೆ ಸ್ಪಂದಿಸುವ ಆರೈಕೆ. ನಾನು ಅದನ್ನು ಓಗೊಡುವ ಆರೈಕೆ ಎನ್ನುತ್ತೇನೆ. ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ.

ಹುಟ್ಟಿದ ಮಗುವಿನ ಮೆದುಳಿನ ತೂಕ 350ರಿಂದ 400 ಗ್ರಾಂ. ಮೂರು ವರ್ಷ ತುಂಬುವಾಗ ಅದು ದೊಡ್ಡವರ ಮೆದುಳಿನ ಗಾತ್ರದ ಸುಮಾರು ಶೇಕಡಾ 80ರಷ್ಟಾಗಿರುತ್ತದೆ. ಈ ಮೊದಲ ವರ್ಷಗಳಲ್ಲಿ ನರಕೋಶಗಳ ನಡುವೆ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಹೊಸ ಜೋಡಣೆಗಳು ಆಗುತ್ತವೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆ ಕೇಂದ್ರ ಲೆಕ್ಕ ಹಾಕಿದೆ. ಎಲ್ಲವೂ ಉಳಿಯುವುದಿಲ್ಲ. ಮುಳಿಗುಡ್ಡದ ಮೇಲಿನ ಕಾಲುದಾರಿಗಳ ಹಾಗೆ, ದಿನಾ ನಡೆದಾಡಿದ್ದು ಗಟ್ಟಿಯಾಗುತ್ತದೆ, ಯಾರೂ ಕಾಲಿಡದ್ದನ್ನು ಒಂದು ಮಳೆಗಾಲದಲ್ಲಿ ಹುಲ್ಲು ಮುಚ್ಚುತ್ತದೆ. ಹಸಿವಾಯಿತು, ಅಳು ಬಂತು, ಯಾರೋ ಬಂದರು, ಹಾಲು ಸಿಕ್ಕಿತು, ಎದೆಯ ಬಿಸಿ ತಾಗಿತು. ಈ ಸರಣಿ ದಿನಕ್ಕೆ ಹತ್ತಾರು ಸಲ, ತಿಂಗಳಿಗೆ ನೂರಾರು ಸಲ ನಡೆಯುತ್ತದೆ. ಹೀಗೆ ಗಟ್ಟಿಯಾದ ದಾರಿಯ ಹೆಸರೇ ಭರವಸೆ. ಮಾತು, ಗಮನ, ತಾಳ್ಮೆ, ಕೊನೆಗೆ ಶಾಲೆಯ ಮಗ್ಗಿ ಕೂಡ ಈ ದಾರಿಯ ಮೇಲೆಯೇ ನಡೆದು ಬರಬೇಕು.

ಇಲ್ಲಿ ಒಂದು ಹಳೆಯ ತಪ್ಪು ಕಲ್ಪನೆಯ ಬಗ್ಗೆ ಹೇಳಲೇಬೇಕು. ‘ಅತ್ತಾಗಲೆಲ್ಲ ಎತ್ತಿದರೆ ಅದೇ ಅಭ್ಯಾಸ ಆಗ್ತದೆ, ಸ್ವಲ್ಪ ಅಳಲಿ’ ಎಂದು ಹೊಸ ತಾಯಂದಿರಿಗೆ ಬುದ್ಧಿ ಹೇಳುವವರು ಪ್ರತಿ ಮನೆಯಲ್ಲೂ ಇದ್ದಾರೆ. ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ. ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಡುತ್ತಿದ್ದ ತಾಯಂದಿರ ಮಕ್ಕಳು ವರ್ಷ ತುಂಬುವಾಗ ಕಡಿಮೆ ಅಳುತ್ತಿದ್ದವು. ಉತ್ತರ ಬಂದೇ ಬರುತ್ತದೆಂದು ಗೊತ್ತಿರುವ ಮಗು ಗಂಟಲು ಹರಿದುಕೊಳ್ಳುವುದೇಕೆ? ‘ಅಳ್ಲಿಕ್ಕೆ ಬಿಡ್ಬೇಡ ಮಗಾ, ಎತ್ತಿಕೋ’ ಎನ್ನುವ ಅಜ್ಜಿಯ ಮಾತನ್ನೇ ಕೇಳಿ. ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯಿರಿ. ಜಪಾನಿನ ರಿಕೆನ್ ಸಂಸ್ಥೆಯವರು 2013ರಲ್ಲಿ ಅದನ್ನೂ ಅಳೆದು ನೋಡಿದ್ದಾರೆ. ತಾಯಿ ಎತ್ತಿಕೊಂಡು ನಡೆಯತೊಡಗಿದೊಡನೆ ಕೂಸಿನ ಎದೆಬಡಿತ ನಿಧಾನವಾಗುತ್ತದೆ.

ಹಾಗೆಂದು ತಾಯಿ ಇಪ್ಪತ್ತನಾಲ್ಕು ಗಂಟೆಯೂ ಎವೆಯಿಕ್ಕದೆ ಮಗುವನ್ನೇ ನೋಡುತ್ತಿರಬೇಕಾಗಿಲ್ಲ. ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ. ಮಗುವಿನೊಂದಿಗೆ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಕೆಲವು ನಿಮಿಷ ಮುಖವನ್ನು ಕಲ್ಲಿನಂತೆ ಮಾಡಿ ಕೂರಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ಕಿರುಚುತ್ತದೆ, ಕೊನೆಗೆ ಮುಖ ತಿರುಗಿಸಿ ಕುಸಿಯುತ್ತದೆ. ನೋಡಲಾಗದಷ್ಟು ಸಂಕಟದ ಕೆಲವು ನಿಮಿಷ. ಆದರೆ ಅದೇ ಟ್ರಾನಿಕ್ ಮುಂದೆ ತೋರಿಸಿಕೊಟ್ಟ ಇನ್ನೊಂದು ಸಂಗತಿ ಎಲ್ಲ ತಾಯಂದಿರಿಗೂ ತಲುಪಬೇಕು. ಒಳ್ಳೆಯ ತಾಯಿ-ಮಕ್ಕಳ ನಡುವೆಯೂ ತಾಳ ಕೂಡುವುದು ಸುಮಾರು ಮೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಉಳಿದದ್ದೆಲ್ಲ ತಪ್ಪುವುದು, ಮತ್ತೆ ಕೂಡಿಸಿಕೊಳ್ಳುವುದು. ತಪ್ಪಿದ ಮೇಲೆ ಮತ್ತೆ ಕೂಡಿಸಿಕೊಳ್ಳುವುದರಲ್ಲೇ ಮಗು ಹೆಚ್ಚು ಕಲಿಯುತ್ತದೆ.

ಇಳಿಯದ ಬಾವುಟ

ಗಾಳಿ-ಮಳೆಯ ಮುನ್ಸೂಚನೆ ಬಂದರೆ ಬಂದರಿನಲ್ಲಿ ಎಚ್ಚರಿಕೆಯ ಸಂಕೇತ ಏರುತ್ತದೆ. ಧಕ್ಕೆಯಲ್ಲಿ ದೋಣಿಗಳು ಸಾಲಾಗಿ ನಿಲ್ಲುತ್ತವೆ. ಗಾಳಿ ತಣಿದ ಮೇಲೆ ಸಂಕೇತ ಇಳಿಯುತ್ತದೆ, ದೋಣಿಗಳು ಕಡಲಿಗೆ ಹೊರಡುತ್ತವೆ. ಮೆದುಳಿನಲ್ಲೂ ಇಂಥದೊಂದು ಎಚ್ಚರಿಕೆಯ ಬಾವುಟ ಏರಿಸುವ ಭಾಗವಿದೆ, ಬಾದಾಮಿ ಆಕಾರದ ಅಮಿಗ್ಡಲಾ. ಅಪಾಯ ಕಂಡರೆ ಅದು ಮೈಯಿಡೀ ಎಚ್ಚರಿಸುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಹರಿಯುತ್ತದೆ, ಎದೆ ಬಡಿದುಕೊಳ್ಳುತ್ತದೆ. ಬಾವುಟ ಇಳಿಸುವ ಕೆಲಸ ಹಣೆಯ ಹಿಂದಿನ ಭಾಗದ್ದು. ಪುಟ್ಟ ಮಗುವಿನಲ್ಲಿ ಆ ಭಾಗ ಇನ್ನೂ ಎಳೆಯದು, ಒಬ್ಬಂಟಿಯಾಗಿ ಇಳಿಸುವ ಶಕ್ತಿ ಅದಕ್ಕಿಲ್ಲ. ಅದಕ್ಕಾಗಿ ದೊಡ್ಡವರೊಬ್ಬರ ತೋಳು ಬೇಕು, ದನಿ ಬೇಕು. ಸಾವಿರ ಸಲ ದೊಡ್ಡವರು ಇಳಿಸಿಕೊಟ್ಟ ಮೇಲೆ ಮಗು ತಾನೇ ಇಳಿಸಲು ಕಲಿಯುತ್ತದೆ.

ಇಳಿಸುವವರೇ ಇಲ್ಲದಿದ್ದರೆ? ಅಥವಾ ಬಾವುಟ ಏರಲು ಕಾರಣವಾದವರೇ ಮನೆಯವರಾದರೆ? ಕುಡಿದು ಬರುವ ಅಪ್ಪ, ಏಟು, ಸದಾ ಜಗಳ, ಬಿಟ್ಟುಹೋದ ತಾಯಿ. ಅಂಥ ಮಗುವಿನಲ್ಲಿ ಎಚ್ಚರಿಕೆ ವರ್ಷವಿಡೀ ಏರಿಯೇ ಇರುತ್ತದೆ. ಬೆಂಚು ಎಳೆದ ಸದ್ದಿಗೆ ಬೆಚ್ಚಿಬೀಳುತ್ತದೆ. ತಿಂಡಿ ಸಿಕ್ಕರೆ ದಿಂಬಿನಡಿ ಬಚ್ಚಿಡುತ್ತದೆ. ಪಾಠಕ್ಕೆ ಕೊಡಬೇಕಾದ ಗಮನವೆಲ್ಲ ಬಾಗಿಲ ಕಡೆಗಿರುತ್ತದೆ. ನಾವು ಅದಕ್ಕೆ ‘ಹಠಮಾರಿ’, ‘ಪೋಕರಿ’ ಎಂದು ಹೆಸರಿಡುತ್ತೇವೆ. ಬಾಲ್ಯದ ಈ ಕಹಿ ಮೈಯನ್ನೂ ಬಿಡುವುದಿಲ್ಲ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 17,000ಕ್ಕೂ ಹೆಚ್ಚು ಜನರ ಮೇಲೆ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ ನಡೆಸಿದ ಅಧ್ಯಯನದ ಮೊದಲ ವರದಿ 1998ರಲ್ಲಿ ಬಂತು. ಬಾಲ್ಯದಲ್ಲಿ ಉಂಡ ಕಷ್ಟದ ಬಗೆಗಳು ಹೆಚ್ಚಿದಷ್ಟೂ ನಡುವಯಸ್ಸಿನಲ್ಲಿ ಹೃದ್ರೋಗ, ಖಿನ್ನತೆ, ಕುಡಿತದ ಸಾಧ್ಯತೆ ಹೆಚ್ಚುತ್ತದೆಂದು ಅದು ತೋರಿಸಿತು.

ಏಟಿಗಿಂತಲೂ ಆಳಕ್ಕಿಳಿಯುವ ಇನ್ನೊಂದು ನೋವಿದೆ, ಏನೂ ಆಗದಿರುವುದು. ಬೈಯುವವರೂ ಇಲ್ಲ, ಎತ್ತುವವರೂ ಇಲ್ಲ. ಜಗತ್ತು ಇದನ್ನು ಕಣ್ಣಾರೆ ಕಂಡದ್ದು ರೊಮೇನಿಯಾದಲ್ಲಿ. ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿತು. ಸಾಕಲಾರದ ಮನೆಗಳ ಮಕ್ಕಳು ಸರ್ಕಾರಿ ಅನಾಥಾಲಯಗಳನ್ನು ತುಂಬಿದರು. 1989ರಲ್ಲಿ ಆಡಳಿತ ಉರುಳಿ ಬಾಗಿಲು ತೆರೆದಾಗ ಒಳಹೊಕ್ಕವರನ್ನು ಕಾಡಿದ್ದು ಶಿಶುಗಳ ಕೋಣೆಯ ಮೌನ. ಸಾಲು ತೊಟ್ಟಿಲು, ತುಂಬ ಕೂಸುಗಳು, ಅಳು ಇಲ್ಲ. ಯಾರೂ ಬರುವುದಿಲ್ಲವೆಂದು ತಿಳಿದ ಮೇಲೆ ಅವು ಅಳುವುದನ್ನೇ ಬಿಟ್ಟಿದ್ದವು.

ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ ಎಂಬ ಮೂವರು ವಿಜ್ಞಾನಿಗಳು 2000ದಲ್ಲಿ ಬುಕಾರೆಸ್ಟಿನಲ್ಲಿ ಒಂದು ಅಧ್ಯಯನಕ್ಕೆ ಕೈಹಾಕಿದರು. ಆರು ಅನಾಥಾಲಯಗಳ, 6ರಿಂದ 31 ತಿಂಗಳ 136 ಮಕ್ಕಳನ್ನು ತೆಗೆದುಕೊಂಡು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 68 ಮಕ್ಕಳು ತರಬೇತಿ ಪಡೆದ ಸಾಕುಮನೆಗಳಿಗೆ ಹೋದರು, ಉಳಿದ 68 ಮಕ್ಕಳು ಎಂದಿನ ವ್ಯವಸ್ಥೆಯಲ್ಲಿ ಮುಂದುವರಿದರು. ಆ ಉಳಿದ ಮಕ್ಕಳಿಗೂ ಮನೆ ಸಿಕ್ಕರೆ ಯಾರೂ ತಡೆಯಬಾರದೆಂಬ ಒಪ್ಪಂದವಿತ್ತು. ಮೂರೂವರೆ ವರ್ಷದ ಹೊತ್ತಿಗೆ ಅನಾಥಾಲಯದ ಗುಂಪಿನ ಬುದ್ಧಿಮಟ್ಟದ (ಐ.ಕ್ಯೂ.) ಸರಾಸರಿ 77ರ ಆಸುಪಾಸಿನಲ್ಲಿತ್ತು, ಸಾಕುಮನೆಯ ಮಕ್ಕಳದ್ದು ಸುಮಾರು 86. ಹದಿನೆಂಟು ತಿಂಗಳು ತುಂಬುವ ಮೊದಲೇ ಮನೆ ಸೇರಿದ ಮಕ್ಕಳದ್ದು 94. ಎಂಟನೇ ವರ್ಷದಲ್ಲಿ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆದಾಗ, ಎರಡು ವರ್ಷದೊಳಗೆ ಮನೆ ಸೇರಿದ್ದ ಮಕ್ಕಳು ಊರಿನ ಉಳಿದ ಮಕ್ಕಳಂತೆಯೇ ಕಂಡರು. ಸ್ಕ್ಯಾನ್ ಮಾಡಿದಾಗ ಮೆದುಳಿನ ಭಾಗಗಳನ್ನು ಬೆಸೆಯುವ ಬಿಳಿ ತಂತುಗಳು ಸಾಕುಮನೆಯ ಮಕ್ಕಳಲ್ಲಿ ಚೇತರಿಸಿಕೊಂಡಿದ್ದವು. ಬೂದು ಬಣ್ಣದ ಭಾಗ ಅಷ್ಟು ಚೇತರಿಸಿಕೊಂಡಿರಲಿಲ್ಲ.

ಈ ಮಕ್ಕಳಿಗೆ ಕೊಟ್ಟದ್ದು ಗುಳಿಗೆಯಲ್ಲ, ಯಂತ್ರವೂ ಅಲ್ಲ. ಒಂದು ಮನೆ, ನಾಳೆಯೂ ನಾಡಿದ್ದೂ ಅದೇ ಮುಖ. 2004ರಲ್ಲಿ ರೊಮೇನಿಯಾ ಕಾನೂನು ತಂದು, ತೀವ್ರ ಅಂಗವೈಕಲ್ಯವಿಲ್ಲದ ಎರಡು ವರ್ಷದೊಳಗಿನ ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸುವುದನ್ನೇ ನಿಲ್ಲಿಸಿತು.

ನಮ್ಮೂರಿನ ಮಡಿಲುಗಳು

ಮಂಗಳೂರು ಮಕ್ಕಳ ಆರೈಕೆಯಲ್ಲಿ ಬಡ ನಗರವೇನಲ್ಲ. ಹಂಪನಕಟ್ಟೆಯ ಸುತ್ತಲೇ ಲೇಡಿಗೋಷನ್ ಆಸ್ಪತ್ರೆ ಇದೆ, ವೆನ್ಲಾಕ್ ಆಸ್ಪತ್ರೆ ಇದೆ. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಶುರುಮಾಡಿದ ಔಷಧಾಲಯ ಇಂದು ದೊಡ್ಡ ಆಸ್ಪತ್ರೆ. ಜೆಪ್ಪುವಿನಲ್ಲಿ ದಿಕ್ಕಿಲ್ಲದವರಿಗೆ 1898ರಿಂದ ನೆರಳಾಗಿರುವ ಸಂತ ಅಂತೋನಿ ಆಶ್ರಮವಿದೆ, ಬೊಂದೇಲಿನಲ್ಲಿ ಸರ್ಕಾರಿ ಬಾಲಮಂದಿರವಿದೆ. 1960ರಿಂದ ಸಮಾಜಕಾರ್ಯದ ವಿದ್ಯಾರ್ಥಿಗಳನ್ನು ತಯಾರು ಮಾಡುತ್ತಿರುವ ರೋಶನಿ ನಿಲಯವಿದೆ. ಇಷ್ಟು ಕೈಗಳಿರುವ ಊರು ಕಡಿಮೆ.

ಇನ್ನೂ ಹಳೆಯ ಒಂದು ಆಸ್ತಿಯೂ ನಮಗಿತ್ತು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಅನೇಕ ಮನೆಗಳಲ್ಲಿ ಮಗು ಹುಟ್ಟಿ ಬೆಳೆಯುತ್ತಿದ್ದುದು ತಾಯಿಯ ತವರಿನಲ್ಲಿ. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅವರ ಮಕ್ಕಳು, ಸೋದರಮಾವ. ತಾಯಿ ಗದ್ದೆಗಿಳಿದರೆ ಕೂಸು ಇನ್ನೊಂದು ಸೊಂಟಕ್ಕೆ ಏರುತ್ತಿತ್ತು. ಹಾಗಾದರೆ ಒಂದೇ ಮುಖ ಬೇಕೆಂದದ್ದು ಸುಳ್ಳೇ ಎಂದು ಕೇಳಬಹುದು. ಅಲ್ಲಿ ಮಡಿಲುಗಳು ನಾಲ್ಕೈದಿದ್ದವು, ಆದರೆ ಆ ನಾಲ್ಕೈದೂ ಮಂದಿ ಮಗುವಿಗೆ ಮೂರು ತುಂಬಿದಾಗಲೂ ಹದಿಮೂರು ತುಂಬಿದಾಗಲೂ ಅದೇ ಮನೆಯಲ್ಲಿ ಇರುತ್ತಿದ್ದರು. ಎಷ್ಟು ಜನ ಎಂಬುದು ಮಗುವಿಗೆ ಅಷ್ಟು ಮುಖ್ಯವಲ್ಲ. ಅವರು ನಾಳೆ ಇರುತ್ತಾರೋ ಎಂಬುದೇ ಅದರ ಪ್ರಶ್ನೆ. ಆ ಮನೆಗಳನ್ನು ಸ್ವರ್ಗವೆಂದು ನಾನು ಹೇಳಲಾರೆ. ಮೂಲೆಗುಂಪಾದ ಮಕ್ಕಳು, ಏಟು ತಿಂದ ಮಕ್ಕಳು ಅಲ್ಲೂ ಇದ್ದರು. ಆದರೂ ಒಬ್ಬರು ಬೈದರೆ ಇನ್ನೊಬ್ಬರ ಸೆರಗು ಸಿಗುತ್ತಿತ್ತು.

ಇಂದು ನಗರದ ಬಹುಮಹಡಿ ಕಟ್ಟಡಗಳನ್ನು ಕಟ್ಟುವವರಲ್ಲಿ ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಬಂದವರು ಬಹಳ. ಅವರ ಕೂಸುಗಳು ಜಲ್ಲಿ-ಮರಳಿನ ರಾಶಿಯ ಪಕ್ಕ, ತಗಡಿನ ಶೆಡ್ಡಿನಲ್ಲಿ, ಆರು ವರ್ಷದ ಅಕ್ಕನ ಕಾವಲಿನಲ್ಲಿ ಇರುತ್ತವೆ. ಅಜ್ಜಿ ಊರಿನಲ್ಲೇ ಉಳಿದಿದ್ದಾಳೆ. ನಮ್ಮದೇ ಹಳ್ಳಿಗಳಲ್ಲಿ ಬೀಡಿ ಕಟ್ಟುವ ತಾಯಂದಿರ ಮಡಿಲನ್ನು ಎಲೆ-ಹೊಗೆಸೊಪ್ಪಿನ ತಡ್ಪೆ, ಅಂದರೆ ಮೊರ, ಹಿಡಿದುಕೊಂಡಿರುತ್ತದೆ. ಬೆರಳು ನಿಂತರೆ ಆ ದಿನದ ಲೆಕ್ಕ ನಿಂತಿತು. ಆದರೂ ತಡ್ಪೆಯ ಆಚೆ ಕೂತ ಮಗುವಿನೊಂದಿಗೆ ಮಾತಾಡುತ್ತಲೇ, ಅದರ ತೊದಲಿಗೆ ತೊದಲು ಸೇರಿಸುತ್ತಲೇ ಸಾವಿರ ಬೀಡಿ ಮುಗಿಸುವ ತಾಯಂದಿರಿದ್ದಾರೆ. ಕೈ ಬಿಡುವಿಲ್ಲದಿದ್ದರೂ ದನಿಯಿಂದ ಓಗೊಡಬಹುದು. ಇದನ್ನು ಯಾವ ತರಬೇತಿಯೂ ಅವರಿಗೆ ಕಲಿಸಿದ್ದಲ್ಲ.

ಕಲಿಸಿದರೆ ಏನಾಗುತ್ತದೆಂದು ಜಮೈಕಾ ತೋರಿಸಿದೆ. ಅಲ್ಲಿನ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ 1980ರ ದಶಕದಲ್ಲಿ ಆರಿಸಿಕೊಂಡರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಒಂದು ಗಂಟೆ ಬರುತ್ತಿದ್ದಳು. ಮನೆಯಲ್ಲೇ ಸಿಗುವ ವಸ್ತುಗಳಿಂದ ಆಟಿಕೆ ಮಾಡುವುದು, ಆಡಿಸುವುದು, ಮಗುವಿನೊಂದಿಗೆ ಮಾತಾಡುವುದು, ಇದನ್ನು ತಾಯಿಗೆ ತೋರಿಸಿಕೊಡುತ್ತಿದ್ದಳು. ಎರಡು ವರ್ಷ ಇಷ್ಟೇ ನಡೆದದ್ದು. ಆ ಮಕ್ಕಳಿಗೆ ಇಪ್ಪತ್ತೆರಡು ತುಂಬಿದಾಗ ನೋಡಿದರೆ, ಈ ಭೇಟಿ ಸಿಗದವರಿಗಿಂತ ಅವರ ಸಂಪಾದನೆ ಶೇಕಡಾ 25ರಷ್ಟು ಹೆಚ್ಚಿತ್ತು.

ನಮ್ಮಲ್ಲಿ ಆ ಕಾರ್ಯಕರ್ತೆ ಈಗಾಗಲೇ ಇದ್ದಾಳೆ, ಅಂಗನವಾಡಿಯಲ್ಲಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ತಿ. ನರಸೀಪುರ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮೂರು ವರ್ಷದೊಳಗಿನ ಮಕ್ಕಳನ್ನು ಮಾತಿನಿಂದ, ಆಟದಿಂದ ಬೆಳೆಸುವುದು ಹೇಗೆಂದು ತಿಂಗಳು ತಿಂಗಳಿನ ಲೆಕ್ಕದಲ್ಲಿ ವಿವರಿಸುವ ‘ನವಚೇತನ’ ಕೈಪಿಡಿಯನ್ನು ಕೇಂದ್ರ ಸರ್ಕಾರ 2024ರಲ್ಲಿ ಹೊರತಂದಿತು. ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ದಿಕ್ಕು ಸರಿಯಾಗಿದೆ. ಆದರೆ ಆಹಾರದ ಲೆಕ್ಕ, ಸಮೀಕ್ಷೆ, ಮೊಬೈಲ್ ಆ್ಯಪ್ ಎಲ್ಲವನ್ನೂ ಒಬ್ಬಳ ತಲೆಗೆ ಕಟ್ಟಿ, ಅವಳ ದುಡಿಮೆಗೆ ಸಂಬಳವೆನ್ನದೆ ‘ಗೌರವಧನ’ ಎಂದು ಕೊಟ್ಟು, ಪ್ರತಿ ಮಗುವಿಗೂ ಓಗೊಡು ಎಂದರೆ ಅವಳು ಎಲ್ಲಿಂದ ಕೊಡಬೇಕು? ಆರೈಕೆ ಮಾಡುವವರ ಆರೈಕೆ ಆಗದೆ ಮಗುವಿನ ಆರೈಕೆ ಆಗದು. ಇದು ತಾಯಿಗೂ ಸಲ್ಲುವ ಮಾತು. ಹೆರಿಗೆಯ ನಂತರ ಮಂಕಾಗಿ ಕೂತ ಸೊಸೆಯನ್ನು ‘ಮಗುವಿನ ಮೇಲೆ ಆಸೆಯೇ ಇಲ್ಲ’ ಎಂದು ಜರೆಯಬೇಡಿ. ಅದು ಕಾಯಿಲೆ, ಅದಕ್ಕೆ ಮದ್ದಿದೆ. 14416 ಸಂಖ್ಯೆಗೆ ಕರೆಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಪಾಳಿ ಬದಲಾಗುವ ಮನೆ

ಎಲ್ಲಕ್ಕಿಂತ ನನ್ನನ್ನು ಕಾಡುವುದು ಸಂಸ್ಥೆಗಳಲ್ಲಿರುವ ಮಕ್ಕಳು. ಇಲ್ಲಿ ಯಾವ ಒಂದು ಸಂಸ್ಥೆಯನ್ನೂ ದೂರುತ್ತಿಲ್ಲ. ಸಿಸ್ಟರುಗಳು, ಆಯಾಗಳು ನಿದ್ದೆಗೆಟ್ಟು ದುಡಿಯುವುದನ್ನು ಕಂಡಿದ್ದೇನೆ. ತೊಡಕಿರುವುದು ಲೆಕ್ಕದಲ್ಲಿ. ಬೆಳಿಗ್ಗೆ ಒಬ್ಬರ ಪಾಳಿ, ಸಂಜೆ ಇನ್ನೊಬ್ಬರದು, ರಾತ್ರಿ ಮತ್ತೊಬ್ಬರದು. ವರ್ಷದಲ್ಲಿ ಇಬ್ಬರು ಕೆಲಸ ಬಿಡುತ್ತಾರೆ. ಶಿಶುಮಂದಿರದಲ್ಲಿ ಆರು ವರ್ಷ ತುಂಬಿದ ಮಗುವನ್ನು ಬಾಲಮಂದಿರಕ್ಕೆ ಕಳಿಸಬೇಕು. ಅಷ್ಟು ಕಾಲ ಹಚ್ಚಿಕೊಂಡ ಆಯಾ ಆ ದಿನ ಇಲ್ಲವಾಗುತ್ತಾಳೆ. ಕಾಗದದ ಮೇಲೆ ಅದು ವರ್ಗಾವಣೆ, ಮಗುವಿನ ಪಾಲಿಗೆ ಸಾವು. ಆಸ್ಟ್ರಿಯಾದಲ್ಲಿ 1949ರಲ್ಲಿ ಹರ್ಮನ್ ಗ್ಮೈನರ್ ಶುರುಮಾಡಿದ ಎಸ್‌ಒಎಸ್ ಮಕ್ಕಳ ಗ್ರಾಮಗಳು ಈ ಲೆಕ್ಕವನ್ನು ಬದಲಾಯಿಸಿ ನೋಡಿದವು. ದೊಡ್ಡ ಹಾಲಿನ ಬದಲು ಸಣ್ಣ ಮನೆಗಳು, ಪ್ರತಿ ಮನೆಗೂ ಒಬ್ಬಳೇ ಅಮ್ಮ. ಬೆಂಗಳೂರಿನಲ್ಲೂ ಅಂಥದೊಂದು ಗ್ರಾಮವಿದೆ. ಅಷ್ಟು ದೊಡ್ಡ ಬದಲಾವಣೆ ಎಲ್ಲರಿಂದ ಆಗದಿರಬಹುದು. ಪ್ರತಿ ಕೂಸಿಗೂ ‘ಇದು ನಿನ್ನ ಆಯಾ’ ಎಂದು ಒಬ್ಬರನ್ನು ಗೊತ್ತುಮಾಡುವುದು, ಸ್ನಾನ, ಊಟ, ಮಲಗಿಸುವುದು ಆದಷ್ಟೂ ಅವರ ಕೈಯಲ್ಲೇ ಆಗುವಂತೆ ಪಾಳಿ ಹಾಕುವುದು, ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ದಾನಿಗಳು ಟೈಲ್ಸಿಗೂ ಟಿ.ವಿ.ಗೂ ಕೊಡುವ ಹಣವನ್ನು ಆಯಾಗಳ ಸಂಬಳಕ್ಕೆ ಕೊಡಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನು ಮನೆಯ ಕಡೆಗೇ ಬೆರಳು ತೋರಿಸುತ್ತದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಂಸ್ಥೆ ಕೊನೆಯ ಆಯ್ಕೆ. ಹೆತ್ತವರು ಒಪ್ಪಿಸಿದ ಮಗುವಿನ ವಿಷಯದಲ್ಲಿ ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಕಾಲಾವಕಾಶವಿದೆ. ಬಿಟ್ಟುಹೋದ ಮಗು ಎರಡು ವರ್ಷದೊಳಗಿನದಾದರೆ ಮಕ್ಕಳ ಕಲ್ಯಾಣ ಸಮಿತಿ ಎರಡು ತಿಂಗಳಲ್ಲಿ, ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ಅದು ದತ್ತುವಿಗೆ ಮುಕ್ತವೋ ಎಂದು ತೀರ್ಮಾನಿಸಬೇಕು. ನ್ಯಾಯಾಲಯದಲ್ಲಿ ತಡವಾಗುತ್ತದೆಂದು 2021ರ ತಿದ್ದುಪಡಿಯಲ್ಲಿ ದತ್ತು ಆದೇಶದ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟರು. ಎಚ್ಚರಿಕೆಯ ಪರಿಶೀಲನೆ ಬೇಕೇ ಬೇಕು. ಆದರೆ ಬುಕಾರೆಸ್ಟಿನ ಅಂಕಿಗಳನ್ನು ಓದಿದವರು ಕಡತದ ಒಂದೊಂದು ತಿಂಗಳನ್ನೂ ಮೆದುಳಿನ ತಿಂಗಳೆಂದೇ ಎಣಿಸಬೇಕು.

ಸಂಸ್ಥೆಯಲ್ಲಿರುವ ಅನೇಕ ಮಕ್ಕಳು ದತ್ತುವಿಗೆ ಸಿಗುವವರಲ್ಲ. ಎಲ್ಲೋ ಅಪ್ಪನೋ ಅಮ್ಮನೋ ಇದ್ದಾರೆ, ಸಾಕಲು ಆಗುತ್ತಿಲ್ಲ. ಬಡತನವೇ ಕಾರಣವಾದರೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವಿದೆ. ಮಗು ತನ್ನವರ ಬಳಿಯೇ ಉಳಿಯಬಹುದು. ಅದೂ ಆಗದಿದ್ದರೆ ಸಾಕುಮನೆ. 2024ರ ಹೊಸ ಮಾರ್ಗಸೂಚಿ ಒಂಟಿಯಾಗಿರುವವರಿಗೂ ಮಗುವನ್ನು ಸಾಕಲು ಅವಕಾಶ ಕೊಟ್ಟಿದೆ. ಎರಡು ವರ್ಷ ಸಾಕಿದ ಮೇಲೆ, ಮಗು ಕಾನೂನಿನ ಪ್ರಕಾರ ಮುಕ್ತವಾಗಿದ್ದರೆ ದತ್ತು ಪಡೆಯಬಹುದು. ಮೊದಲು ಐದು ವರ್ಷ ಕಾಯಬೇಕಿತ್ತು. ಮಕ್ಕಳು ವಿದೇಶಕ್ಕೆ ಹೋಗಿ, ನಾಲ್ಕು ಕೋಣೆಯ ಮನೆಯಲ್ಲಿ ಇಬ್ಬರೇ ಉಳಿದ ದಂಪತಿಗಳು ಈ ಊರಿನ ಪ್ರತಿ ಬೀದಿಯಲ್ಲಿದ್ದಾರೆ. ಅವರಲ್ಲಿ ಕೆಲವರಾದರೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಬಾಗಿಲು ತಟ್ಟಬೇಕೆಂದು ನನ್ನ ಬಯಕೆ.

ತಡವಾಗಿ ಬಂದವರಿಗೆ

‘ಎರಡು ವರ್ಷ ದಾಟಿತು, ಇನ್ನೇನು’ ಎಂದು ಕೈಚೆಲ್ಲುವವರಿಗೆ ಒಂದು ಮಾತು. ಬ್ರಿಟನ್ನಿಗೆ ದತ್ತು ಹೋದ 165 ರೊಮೇನಿಯನ್ ಮಕ್ಕಳನ್ನು ಮೈಕಲ್ ರಟರ್ ಮತ್ತು ಸಂಗಡಿಗರು ದೊಡ್ಡವರಾಗುವವರೆಗೂ ಹಿಂಬಾಲಿಸಿದರು. ಆರು ತಿಂಗಳೊಳಗೆ ಮನೆ ಸೇರಿದವರು ಬಹುಮಟ್ಟಿಗೆ ಎಲ್ಲರಂತಾದರು. ಹೆಚ್ಚು ಕಾಲ ಅನಾಥಾಲಯದಲ್ಲಿದ್ದವರಲ್ಲಿ ಚಡಪಡಿಕೆ, ಬೆರೆಯುವ ಕಷ್ಟ ಹಲವರಿಗೆ ಉಳಿಯಿತು. ಆದರೆ ಚಿಕ್ಕಂದಿನಲ್ಲಿ ಹಿಂದಿದ್ದ ಬುದ್ಧಿಮಟ್ಟ ದೊಡ್ಡವರಾಗುವಷ್ಟರಲ್ಲಿ ಸಾಮಾನ್ಯ ಮಟ್ಟಕ್ಕೆ ಬಂದಿತ್ತು. ಅವರಲ್ಲೇ ಐದರಲ್ಲೊಬ್ಬರು ಯಾವ ತೊಂದರೆಯೂ ಇಲ್ಲದೆ ಬೆಳೆದಿದ್ದರು. ಅಮೆರಿಕದ ಮೇಗನ್ ಗನ್ನರ್ ತಂಡ 2019ರಲ್ಲಿ ಇನ್ನೊಂದು ಬಾಗಿಲು ತೋರಿಸಿತು. ಸಂಸ್ಥೆಯಿಂದ ಒಳ್ಳೆಯ ಮನೆ ಸೇರಿದ ಮಕ್ಕಳಲ್ಲಿ, ಮರಗಟ್ಟಿದ್ದ ಕಾರ್ಟಿಸಾಲ್ ವ್ಯವಸ್ಥೆ ಹರೆಯಕ್ಕೆ ಕಾಲಿಡುವ ವಯಸ್ಸಿನಲ್ಲಿ ತನ್ನನ್ನು ತಾನೇ ಮತ್ತೆ ಹೊಂದಿಸಿಕೊಳ್ಳುತ್ತದೆ.

ಹಾಗಾಗಿ ಹೈಸ್ಕೂಲಿನ ಮಾಸ್ಟ್ರೂ ಟೀಚರೂ ತಡವಾಗಿ ಬಂದವರಲ್ಲ. ದಿನಾ ಬೆಳಿಗ್ಗೆ ಹೆಸರು ಹಿಡಿದು ಮಾತಾಡಿಸುವುದು, ಇಂದು ಏನೇನು ನಡೆಯುತ್ತದೆಂದು ಮೊದಲೇ ಹೇಳುವುದು, ದನಿ ಏರಿಸುವ ಮುನ್ನ ಹತ್ತಿರ ಹೋಗಿ ‘ಎಂತ ಆಯ್ತು ಮಗಾ?’ ಎಂದು ಕೇಳಿ ಉತ್ತರಕ್ಕೆ ಕಾಯುವುದು. ಆಟವೂ ನೆರವಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆಯ ಮುಂದೆ ಕೂತ ಮಗು ಕಾಯಿ ಎಣಿಸುತ್ತ, ತನ್ನ ಸರದಿಗೆ ಕಾಯುತ್ತ, ಸೋತು ಮತ್ತೆ ಹೂಡುತ್ತದೆ. ಹಣೆಯ ಹಿಂದಿನ ಭಾಗಕ್ಕೆ ಅದು ಒಳ್ಳೆಯ ವ್ಯಾಯಾಮ, ಎದುರಿಗೆ ನಂಬಿಕೆಯ ದೊಡ್ಡವರೊಬ್ಬರು ಕೂತಿದ್ದರೆ. ಇಷ್ಟಾದರೂ ನಿದ್ದೆ ಬಾರದ, ತನ್ನನ್ನೇ ಗಾಯ ಮಾಡಿಕೊಳ್ಳುವ ಮಗುವನ್ನು ಮಕ್ಕಳ ಮನೋವೈದ್ಯರಿಗೆ ತೋರಿಸಲೇಬೇಕು. ಕಷ್ಟದಲ್ಲಿರುವ ಮಕ್ಕಳಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2020ರಿಂದ ‘ಸಂವಾದ್’ ಎಂಬ ರಾಷ್ಟ್ರೀಯ ಕೇಂದ್ರ ಕೆಲಸ ಮಾಡುತ್ತಿದೆ; ಸಂಸ್ಥೆಗಳ ಸಿಬ್ಬಂದಿಗೆ, ಶಿಕ್ಷಕರಿಗೆ ಅದು ತರಬೇತಿ ಕೊಡುತ್ತದೆ.

ಮನೆಯಲ್ಲಿ ಹುಟ್ಟುಹಬ್ಬ ಬಂದರೆ ಊಟ ಕೊಡಿ, ಆ ರೂಢಿ ನಿಲ್ಲಬಾರದು. ಫೋಟೊ ಬೇಡ. ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಓಡಿಬಂದು ತಬ್ಬಿದ ಮಗುವನ್ನು ದೂಡಬೇಡಿ. ಹೆಸರು ಕೇಳಿ, ಅದರ ಆಯಾ ಯಾರೆಂದು ಕೇಳಿ, ಅವರ ಬಳಿಗೇ ಕರೆದುಕೊಂಡು ಹೋಗಿ ಬಿಡಿ. ಅದಕ್ಕಿಂತ ಹೆಚ್ಚು ಮಾಡುವ ಮನಸ್ಸಿದ್ದರೆ ಸಂಸ್ಥೆಯ ಅನುಮತಿ ಪಡೆದು ವಾರದಲ್ಲಿ ಒಂದು ದಿನ, ಒಂದು ಗಂಟೆ ಗೊತ್ತುಮಾಡಿಕೊಳ್ಳಿ. ಕಥೆ ಹೇಳಿ, ಲೆಕ್ಕ ಹೇಳಿಕೊಡಿ, ಸುಮ್ಮನೆ ಪಕ್ಕದಲ್ಲಿ ಕೂತಿರಿ. ಮುಂದಿನ ವಾರವೂ ಅದೇ ದಿನ, ಅದೇ ಹೊತ್ತಿಗೆ ಹೋಗಿ. ಹೋಗಲಾಗದ ವಾರ ಫೋನ್ ಮಾಡಿ ಆ ಮಗುವಿಗೆ ತಿಳಿಸಿ.